ಲಾಳ ಹೊಡೆದ ದೋಣಿ

ಮುದ್ದಪ್ಪನ ಕೆರೆಯ ನಡುಗಡ್ಡೆಯಲ್ಲಿ ಮೀನು ಹಿಡಿಯುವ ಕೊಟ್ರಪ್ಪ ಸಿಕ್ಕಿಹಾಕಿಕೊಂಡಿದ್ದ. ಕತ್ತಲಾಗುವುದರೊಳಗೆ ಅವನನ್ನು ದಡಕ್ಕೆ ತರಬೇಕಿತ್ತು. ಕೆಲಸ ಇಷ್ಟೇ.

ಆದರೆ ಆ ಸಲದ ಮಳೆ ಇಷ್ಟೇ ಅನ್ನುವಂಥದ್ದಾಗಿರಲಿಲ್ಲ. ಚೆನ್ನೈ ಕಡೆ ಎದ್ದ ಚಂಡಮಾರುತ ದಾರಿ ತಪ್ಪಿ ಬಂದು ಕಾಡುಗೋಡಿಯಲ್ಲೇ ಬಾಡಿಗೆ ಮನೆ ಹಿಡಿದು ಕೂತಂತಿತ್ತು. ಕಪ್ಪೆಗಳೆಲ್ಲ ಮೈ ಒಣಗಿಸಿಕೊಳ್ಳಲು ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿದವಂತೆ. ಎಷ್ಟೋ ವರ್ಷದಿಂದ ಅರ್ಧವೂ ತುಂಬದಿದ್ದ ಕೆರೆ ತುಂಬಿ ಕೋಡಿ ಬಿದ್ದಿತ್ತು. ಬಲೆ ತರುತ್ತೇನೆಂದು ಕೊಟ್ರಪ್ಪ ತೆಪ್ಪದಲ್ಲಿ ನಡುಗಡ್ಡೆಗೆ ಹೋದ. ತೆಪ್ಪ ಹಗ್ಗ ಬಿಚ್ಚಿಕೊಂಡು ಒಂಟಿಯಾಗಿ ಹೊರಟು, ಕೋಡಿಯ ಮೇಲಿಂದ ಹಾರಿ, ಕೆಳಗಿನ ಬಂಡೆಗೆ ಬಡಿದು ಚೂರಾಯಿತು. ಕೊಟ್ರಪ್ಪ ಜಾಲಿಮರ ಹತ್ತಿ ಕೂತ. ನೀರೂ ಅವನ ಹಿಂದೆಯೇ ಮರ ಹತ್ತತೊಡಗಿತು.

ಕಾಪಾಡಲು ಬಂದವರ ರಬ್ಬರ್ ದೋಣಿ ಅರ್ಧ ದಾರಿಯೂ ಹೋಗಲಿಲ್ಲ. ಕೆರೆಯ ತುಂಬ ಅಂತರಗಂಗೆ ಕಳೆ. ಅದು ಮೋಟಾರಿನ ರೆಕ್ಕೆಗೆ ಜಡೆಯಂತೆ ಸುತ್ತಿಕೊಂಡು ಅದರ ಉಸಿರು ನಿಲ್ಲಿಸಿತು.

"ಮೋಟಾರ್ ಇಲ್ದಿರೋ ದೋಣಿ ಬೇಕು," ಎಂದಳು ಏರಿಯ ಮೇಲೆ ನಿಂತಿದ್ದ ಪ್ರಿಯಾಂಕಾ. "ನನ್ ಹತ್ರ ಇದೆ. ಹಾಯಿ ದೋಣಿ."

ಪ್ರಿಯಾಂಕಾ ಪೀಣ್ಯದ ಫೈಬರ್ ಶೆಡ್ಡಿನಲ್ಲಿ ನೀರಿನ ಟ್ಯಾಂಕು, ಪಾರ್ಕಿನ ಜಾರುಬಂಡೆ ಮಾಡುವವಳು. ಕೆಲಸ ಮುಗಿದ ಮೇಲೆ ಅದೇ ಶೆಡ್ಡಿನ ಮೂಲೆಯಲ್ಲಿ ತನಗೆಂದು ಒಂದು ಪುಟ್ಟ ದೋಣಿ ಮಾಡಿಕೊಂಡಿದ್ದಳು. ಬೆಳ್ಳಗೆ, ಉದ್ದ ಮೂತಿ, ಒಂಟಿ ಹಾಯಿ. ಹೆಸರು ಬೆಳ್ಳಕ್ಕಿ. ಒಂದಲ್ಲ ಒಂದು ದಿನ ಅದನ್ನು ಮಲ್ಪೆಯ ಸಮುದ್ರಕ್ಕೆ ಇಳಿಸಬೇಕೆಂಬುದು ಅವಳ ಆಸೆ. ಅಲ್ಲಿಯವರೆಗೆ ಅದು ಕಾಡುಗೋಡಿಯ ಮನೆಯ ಮುಂದೆ ಟಾರ್ಪಾಲು ಹೊದ್ದು ಮಲಗಿತ್ತು.

ಕಾಪಾಡುವವರ ಸಾಹೇಬರು ಮಳೆಯೊಳಗೆ ಕಣ್ಣು ಕಿರಿದು ಮಾಡಿ ನೋಡಿದರು. "ಅಲ್ಲಮ್ಮಾ, ಹತ್ತಡಿ ಮುಂದೆ ಏನೂ ಕಾಣ್ತಿಲ್ಲ. ದಕ್ಷಿಣಕ್ಕೆ ಕೋಡಿ ಬಾಯಿ ತಕ್ಕೊಂಡ್ ಕೂತಿದೆ. ದಾರಿ ತೋರ್ಸೋ ಮಿಷನ್ ಇದೆಯಾ? ಲೈಟಿದೆಯಾ? ನೀರು ತುಂಬಿದ್ರೆ ಎತ್ತಿ ಹಾಕೋಕೆ ಪಂಪಿದೆಯಾ? ಇದ್ರೆ ಬಿಡ್ತೀನಿ. ಇಲ್ಲಾಂದ್ರೆ ಇಲ್ಲ."

"ಪಂಪು, ಲೈಟು ಇದೆ ಸಾರ್. ಮಿಷನ್ನು ಶ್ರೀಕರ್ ತರ್ತಾರೆ," ಎಂದು ಪ್ರಿಯಾಂಕಾ ಫೋನ್ ತೆಗೆದಳು.

ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಅವಳ ಗಂಡ ನರೇಶನ ಕೊಡೆ ತಾನಾಗಿಯೇ ಒಂದು ಗೇಣು ಕೆಳಗಿಳಿಯಿತು.

ಶ್ರೀಕರ್! ಎಲೆಕ್ಟ್ರಾನಿಕ್ ಸಿಟಿಯಲ್ಲಿ ದೋಣಿಗಳಿಗೆ ದಾರಿ ತೋರಿಸುವ ಯಂತ್ರ ಮಾಡುವ ಕಂಪನಿಯ ಇಂಜಿನಿಯರು. ಪಬ್ಲಿಕ್ ಸೆಕ್ಟರ್ ಫ್ಯಾಕ್ಟರಿಯಲ್ಲಿ ದುಡಿದ ಗೋಪಾಲಕೃಷ್ಣ ಎಂಬುವರ ಮಗ, ಕ್ವಾರ್ಟರ್ಸಿನಲ್ಲಿ ಬೆಳೆದವನು. ಮಾತಿನಲ್ಲಿ ಇಸ್ತ್ರಿ, ಅಂಗಿಯಲ್ಲಿ ಇಸ್ತ್ರಿ. ಪ್ರಿಯಾಂಕಾಗೆ ಹಾಯಿ ಕಟ್ಟುವುದು ಕಲಿಸಿದವನು ಅವನೇ. ಅವಳನ್ನು ಅವನು "ಕ್ಯಾಪ್ಟನ್" ಎಂದು ಕರೆಯುತ್ತಿದ್ದ. ಕರೆದಾಗಲೆಲ್ಲ ಅವಳು ತಲೆ ಹಿಂದಕ್ಕೆ ಹಾಕಿ ಗೊಳ್ಳೆಂದು ನಗುತ್ತಿದ್ದಳು. ಆ ನಗು ನರೇಶನ ಆಸ್ತಿ. ಮದುವೆಯಾದ ಹೊಸದರಲ್ಲಿ ಅವನು ಬಾಯಿ ತೆರೆದರೆ ಸಾಕು, ಆ ನಗು ಬರುತ್ತಿತ್ತು. ಈಗ ಅದನ್ನು ಇನ್ನೊಬ್ಬ ಬಂದು ಕಣ್ಣೆದುರೇ ಬಳಸಿಕೊಳ್ಳುತ್ತಿದ್ದ. ಒಳಗೆ ಒಲೆ ಹೊತ್ತಿಕೊಂಡರೆ ತಪ್ಪೇನು?

ನರೇಶನದು ಸ್ಟೇಷನ್ ರಸ್ತೆಯಲ್ಲಿ ಬ್ಯಾಟರಿ ಅಂಗಡಿ. "ಮಿಷನ್ ಯಾರಾದ್ರೂ ತರ್ಲಿ, ಬ್ಯಾಟ್ರಿ ಮಾತ್ರ ನಂದು," ಎಂದು ಅವನು ಓಡಿದ.

ಶ್ರೀಕರ್ ಬರುವಷ್ಟರಲ್ಲಿ ಬೆಳ್ಳಕ್ಕಿಯನ್ನು ಏರಿಯ ಪಡುವಣ ತುದಿಗೆ ತಂದು ನೀರಿಗೆ ಇಳಿಸಿದ್ದರು. ನರೇಶ ಅಂಗಡಿಯ ಅತಿ ದೊಡ್ಡ ಇನ್ವರ್ಟರ್ ಬ್ಯಾಟರಿಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದಿದ್ದ. ಇಳಿಸಲು ನಾಲ್ಕು ಜನ ಬೇಕಾಯಿತು.

"ಇದು ಬ್ಯಾಟ್ರಿ ಅಂದ್ರೆ!" ಎಂದು ಅದರ ಬೆನ್ನು ತಟ್ಟಿದ. "ಇಡೀ ಕಾಡುಗೋಡಿ ಕರೆಂಟ್ ಹೋದ್ರೂ ಇದೊಂದೇ ಸಾಕು."

ಶ್ರೀಕರ್ ಚೀಲದಿಂದ ನೀಲಿ ಡಬ್ಬಿಯೊಂದನ್ನು ಒಂದೇ ಕೈಯಲ್ಲಿ ತೆಗೆದ. ಬುತ್ತಿ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದು. "ಲಿಥಿಯಂ, ನರೇಶ್ ಅವ್ರೇ. ಸ್ಕ್ರೀನು, ಲೈಟು, ಪಂಪು ಮೂರೂ ಒಟ್ಟಿಗೆ ಹಾಕಿದ್ರೂ ಸಂಜೆ ತನಕ ಬರತ್ತೆ."

"ನಂದು ನಾಡಿದ್ ತನಕ ಬರತ್ತೆ!"

"ಸಂಜೆ ಕೆಲ್ಸಕ್ಕೆ ನಾಡಿದ್ದಿನ ಊಟ ಯಾಕ್ರೀ ಕಟ್ಕೊಂಡ್ ಹೋಗ್ಬೇಕು?" ಎಂದಳು ಪ್ರಿಯಾಂಕಾ.

"ಆಮೇಲೆ ಇದ್ರೊಳಗೆ ಆಸಿಡ್ ನೀರಿದೆ," ಎಂದ ಶ್ರೀಕರ್ ಮೆತ್ತಗೆ. "ಗಾಳಿಗೆ ದೋಣಿ ವಾಲಿದ್ರೆ ಮುಚ್ಚಳದಿಂದ ಚೆಲ್ಲತ್ತೆ. ಕಾಲಡಿ ಆಸಿಡ್ ಇಟ್ಕೊಂಡು..."

"ಸ್ಕೂಟರ್ ಬ್ಯಾಟ್ರಿ ತರ್ತೀನಿ. ಚಿಕ್ದು. ಚೆಲ್ಲಲ್ಲ."

"ಪಂಪ್ ಹಾಕಿದ ಅರ್ಧ ಗಂಟೆಗೆ ಅದು ಮಲಕ್ಕೊಳತ್ತೆ ಅಂತ ನೀವೇ ಅಲ್ವಾ ಮೊನ್ನೆ ಹೇಳಿದ್ದು?" ಎಂದು ಪ್ರಿಯಾಂಕಾ ದೊಡ್ಡ ಬ್ಯಾಟರಿಯನ್ನು ದೋಣಿಗೆ ಇಡಿಸಿಯೇ ನೋಡಿದಳು. ಬೆಳ್ಳಕ್ಕಿಯ ಹಿಂಭಾಗ ಮೊಟ್ಟೆಗೆ ಕೂತ ಕೋಳಿಯಂತೆ ನೀರಿನಲ್ಲಿ ಕುಸಿಯಿತು, ಮೂತಿ ಆಕಾಶ ನೋಡಿತು. ಅವಳು ಸೊಂಟಕ್ಕೆ ಕೈಯಿಟ್ಟು ಲೆಕ್ಕ ಒಪ್ಪಿಸಿದಳು.

"ಬರ್ತಾ ಕೊಟ್ರಪ್ಪಣ್ಣನ್ನೂ ಕೂರಿಸ್ಕೊಂಡ್ ಬರ್ಬೇಕು. ಈ ಬ್ಯಾಟ್ರಿ ಒಬ್ಬ ಮನುಷ್ಯನ ತೂಕ ಇದೆ ಕಣ್ರೀ. ಇದು ಬಂದ್ರೆ ನೀವು ಬರಂಗಿಲ್ಲ. ನಾನು, ಶ್ರೀಕರ್ ಇಬ್ರೇ ಹೋಗ್ತೀವಿ. ಇದು ದಡದಲ್ಲಿ ಉಳ್ಕೊಂಡ್ರೆ ನೀವೂ ಬರ್ಬಹುದು. ಬೇಗ ಹೇಳಿ, ಬ್ಯಾಟ್ರಿನೋ ನೀವೋ?"

ನರೇಶ ತನ್ನ ಬ್ಯಾಟರಿಯನ್ನು ನೋಡಿದ. ಶ್ರೀಕರನ ಇಸ್ತ್ರಿ ಮಾಡಿದ ರೇನ್‌ಕೋಟನ್ನು ನೋಡಿದ. ಪುಟ್ಟ ದೋಣಿಯಲ್ಲಿ ಅವರಿಬ್ಬರೇ, ಸುತ್ತ ಮಳೆಯ ಪರದೆ, ಒಳಗಿಂದ ಆ ಗೊಳ್ಳೆನ್ನುವ ನಗು...

"ಇಳಿಸ್ರೋ ಬ್ಯಾಟ್ರಿ!" ಎಂದು ಕೂಗಿದ. "ನೀಲಿ ಡಬ್ಬಿನೇ ಇರ್ಲಿ."

ಜಗತ್ತಿನಲ್ಲಿ ಯಾವ ದೋಣಿಗೂ ಇಷ್ಟು ಹೊಟ್ಟೆಯುರಿಯಿಂದ ಬ್ಯಾಟರಿ ಆರಿಸಿರಲಿಕ್ಕಿಲ್ಲ.

ಶ್ರೀಕರ್ ತನ್ನ ಆಸನದ ಮುಂದಿನ ಹಲಗೆಗೆ ಪುಟ್ಟ ಸ್ಕ್ರೀನು ಕೂರಿಸಿದ. ಪಕ್ಕಕ್ಕೆ ಬೆಂಕಿಪೆಟ್ಟಿಗೆಯಷ್ಟು ದಿಕ್ಸೂಚಿ. ಸ್ಕ್ರೀನಿನಲ್ಲಿ ಕೆರೆಯ ನಕ್ಷೆ, ಅದರ ಮೇಲೊಂದು ಕೆಂಪು ಚುಕ್ಕೆ, ಚುಕ್ಕೆಗೊಂದು ಬಾಣ. "ಚುಕ್ಕೆ ಅಂದ್ರೆ ನಾವಿರೋ ಜಾಗ, ಅದನ್ನ ಉಪಗ್ರಹ ಹೇಳತ್ತೆ. ಬಾಣ ಅಂದ್ರೆ ದೋಣಿ ಮೂತಿ ಯಾವ ಕಡೆಗಿದೆ ಅಂತ. ಅದನ್ನ ಈ ದಿಕ್ಸೂಚಿ ಹೇಳತ್ತೆ. ನಡುಗಡ್ಡೆ ಪೂರ್ವಕ್ಕೆ. ಬಾಣ ಪೂರ್ವಕ್ಕಿದ್ರೆ ಸಾಕು ಕ್ಯಾಪ್ಟನ್, ಕಣ್ಣು ಮುಚ್ಕೊಂಡ್ ಹೋಗ್ಬಹುದು." ದೋಣಿಯನ್ನು ಒಂದು ಸುತ್ತು ತಿರುಗಿಸಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿ, ಲೈಫ್ ಜಾಕೆಟ್ ತರಲು ಏರಿ ಹತ್ತಿದ. ಪ್ರಿಯಾಂಕಾ ಹಾಯಿಯ ಹಗ್ಗ ತರಲು ಅವನ ಹಿಂದೆಯೇ ಹೋದಳು.

ಅಷ್ಟರಲ್ಲಿ ನರೇಶನ ಅಜ್ಜಿ ಮಾರಕ್ಕ ಸೆರಗಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬಂದಳು. ನಾಲ್ಕು ಮೊಳೆಯ ಜೊತೆ ತುಕ್ಕು ಹಿಡಿದ ಕುದುರೆ ಲಾಳ. ಹಿಂದೆ ಅವರ ಮನೆಯ ಜಟಕಾ ಕುದುರೆಯದು. ಆಮೇಲೆ ಮೊದಲ ಸ್ಕೂಟರಿಗೆ, ಅಂಗಡಿಗೆ, ಆಟೋಗೆ, ಹೊಸದಾಗಿ ಬಂದ ಯಾವುದಕ್ಕೂ ದೃಷ್ಟಿ ತಾಗದಿರಲೆಂದು ಅವಳು ಮೊದಲು ಹೊಡೆಸುತ್ತಿದ್ದದ್ದು ಅದನ್ನೇ.

"ಒಸಾ ದೋಣಿ ಕಣ್ಲಾ ನರೇಸ. ಏರಿ ತುಂಬಾ ಜನ ನೋಡ್ತಾವ್ರೆ. ಎಲ್ಲಾನ ಮರೇಲಿ ಒಡೆದ್ಬಿಡು. ಯಾರ್ ಕಣ್ಣು ಬೀಳ್ತದೋ ಅವ್ರ ಎದುರ್ಗೇ ಇರ್ಬೇಕು."

ಯಾರ ಕಣ್ಣು ಎಂದು ನರೇಶ ಯೋಚಿಸಬೇಕಾಗಿಯೇ ಇರಲಿಲ್ಲ. ಒಂದು ಕಲ್ಲು ಎತ್ತಿಕೊಂಡ. ಶ್ರೀಕರನ ಆಸನದೆದುರಿನ ಹಲಗೆಯ ಅಡಿಗೆ, ಸರಿಯಾಗಿ ಆ ಬೆಂಕಿಪೆಟ್ಟಿಗೆಯ ಕೆಳಗೆ, ಲಾಳವಿಟ್ಟು ಟಪಟಪನೆ ಮೊಳೆ ಹೊಡೆದ. ಎದೆ ತಣ್ಣಗಾಯಿತು.

"ಹೊರಡೋಣ್ವಾ?" ಎಂದಳು ಪ್ರಿಯಾಂಕಾ.

ಹಾಯಿ ಪಟಾರನೆ ಬಿಚ್ಚಿಕೊಂಡಿತು. ಉತ್ತರದ ಗಾಳಿ ಅದರೊಳಗೆ ನುಗ್ಗಿ ಹೊಟ್ಟೆ ಉಬ್ಬಿಸಿತು. ಬೆಳ್ಳಕ್ಕಿ ಒಮ್ಮೆ ಮೈಮುರಿದು, ಏರಿ ಬಿಟ್ಟು ಹಾರಿತು.

ಕೆರೆಯೊಳಗೆ ಹೋದ ಹಾಗೆ ಬೆಂಗಳೂರು ಕರಗಿತು. ಮೊದಲು ಐಟಿ ಪಾರ್ಕಿನ ಗಾಜಿನ ಕಟ್ಟಡಗಳು ಮಳೆಯಲ್ಲಿ ಅಳಿಸಿಹೋದವು, ಆಮೇಲೆ ಅಪಾರ್ಟ್‌ಮೆಂಟುಗಳು, ಆಮೇಲೆ ಮೆಟ್ರೋ ಕಂಬಗಳು, ಕೊನೆಗೆ ಏರಿಯ ಮೇಲಿನ ಜನ. ಉಳಿದದ್ದು ಬೂದಿ ಬಣ್ಣದ ನೀರು, ಬೂದಿ ಬಣ್ಣದ ಆಕಾಶ. ಎರಡರ ನಡುವೆ ಗೆರೆಯೇ ಇಲ್ಲ. ಅಂತರಗಂಗೆಯ ಹಸಿರು ಚಾಪೆಗಳು ಎಲ್ಲಿಂದಲೋ ಎಲ್ಲಿಗೋ ತೇಲುತ್ತಿದ್ದವು. ಒಂದು ಚಾಪೆಯ ಮೇಲೆ ನೀರುಕೋಳಿ ಸಂಸಾರ ಸಮೇತ ಸವಾರಿ ಹೊರಟಿತ್ತು. ಇನ್ನೊಂದರ ಮೇಲೆ ಯಾರದೋ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಗಂಭೀರವಾಗಿ ಒಂದು ಕೊಕ್ಕರೆ. ಜೊಂಡು ಆಳೆತ್ತರ ನಿಂತು ಪಿಸುಗುಡುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಕೆರೆಯೇ ಇದು ಎಂದು ನರೇಶನಿಗೆ ನಂಬಲಾಗಲಿಲ್ಲ.

"ಕಳೆ! ನಡುಹಲಗೆ ಮೇಲಕ್ಕೆ!" ಎಂದು ಚುಕ್ಕಾಣಿ ಹಿಡಿದಿದ್ದ ಪ್ರಿಯಾಂಕಾ ಕೂಗಿದಳು.

ದೋಣಿ ಪಕ್ಕಕ್ಕೆ ಜಾರದಿರಲೆಂದು ನೀರಿಗೆ ಇಳಿಬಿಟ್ಟ ಹಲಗೆಯನ್ನು ನರೇಶ ಎಳೆದುಕೊಂಡ. ಬೆಳ್ಳಕ್ಕಿ ಕಳೆಯ ಮೇಲೆ ಸರ್ರನೆ ಜಾರಿ ಆಚೆ ಬಿತ್ತು.

"ಶಭಾಷ್ ಕ್ಯಾಪ್ಟನ್!" ಎಂದ ಶ್ರೀಕರ್.

ಗೊಳ್ಳೆಂದಳು ಅವಳು. ಹಲಗೆ ಎತ್ತಿದ್ದು ನರೇಶ, ಶಭಾಷ್ ಕ್ಯಾಪ್ಟನ್ನಿಗೆ, ನಗು ಶ್ರೀಕರನಿಗೆ. ನರೇಶ ಹಲಗೆಯನ್ನು ಧಡ್ಡನೆ ಕೆಳಗಿಳಿಸಿದ.

ಮಳೆ ಬಲವಾಯಿತು. ಹಾಯಿಕಂಬದ ತುದಿಯೂ ಕಾಣದಷ್ಟು. ಪಂಪು ಬುರಬುರನೆ ನೀರು ಕಕ್ಕುತ್ತಿತ್ತು. ನೀಲಿ ಡಬ್ಬಿ ಸದ್ದಿಲ್ಲದೆ ದುಡಿಯುತ್ತಿತ್ತು; ಅದು ಒಮ್ಮೆಯಾದರೂ ಕೆಮ್ಮಲಿ ಎಂದು ನರೇಶ ಕಾದ. ಕೆಮ್ಮಲಿಲ್ಲ.

"ಬಾಣ ಪೂರ್ವಕ್ಕೇ ಇದೆ. ಹಿಂಗೇ ಹೋಗಿ," ಎಂದ ಶ್ರೀಕರ್. ಸ್ವಲ್ಪ ಹೊತ್ತಾದ ಮೇಲೆ ಸ್ಕ್ರೀನಿಗೆ ಮೂಗು ತಾಗಿಸಿದ. "ವಿಚಿತ್ರ. ಚುಕ್ಕೆ ದಕ್ಷಿಣಕ್ಕೆ ಜಾರ್ತಿದೆ."

"ಅಂದ್ರೆ?"

"ಮೂತಿ ನಡುಗಡ್ಡೆ ಕಡೆಗಿದೆ, ಆದ್ರೆ ಕೋಡಿ ಸೆಳೆತ ಪಕ್ಕಕ್ಕೆ ಎಳೀತಿರ್ಬೇಕು. ಜೋರಾಗಿ ಹೋಗಿ ದಾಟ್ಬಿಡೋಣ. ಹಾಯಿ ಪೂರ್ತಿ ಬಿಡಿ!"

ಹಾಯಿ ಬಿಟ್ಟರು. ಬೆಳ್ಳಕ್ಕಿ ಬಾಲಕ್ಕೆ ಪಟಾಕಿ ಕಟ್ಟಿದಂತೆ ಓಡಿತು.

"ಗಾಳಿ ತಿರುಗ್ತೇನೋ," ಎಂದಳು ಪ್ರಿಯಾಂಕಾ. "ಆಗ ಪಕ್ಕದಿಂದ ಬೀಸ್ತಿತ್ತು. ಈಗ ಬೆನ್ನಿಗೇ ಹೊಡೀತಿದೆ."

ಆಗ ಕೇಳಿಸಿತು.

ಮೊದಲು ದೂರದ ಲಾರಿಯಂತೆ. ಆಮೇಲೆ ರೈಲಿನಂತೆ. ಆಮೇಲೆ ಏನಂತೆಯೂ ಅಲ್ಲ. ಕೋಡಿ!

"ಮುಂದಿಂದ ಬರ್ತಿದೆ ಸದ್ದು!" ಎಂದ ನರೇಶ.

"ಆಗಲ್ಲ, ಕೋಡಿ ಬಲಗಡೆ ಇರ್ಬೇಕು. ಬಾಣ ನೋಡಿ!" ಎಂದ ಶ್ರೀಕರ್.

ಪ್ರಿಯಾಂಕಾ ಚುಕ್ಕಾಣಿಯನ್ನು ಬಲವಾಗಿ ಒತ್ತಿದಳು. ದೋಣಿ ಎಡಕ್ಕೆ ತಿರುಗಿತು. ಮೂವರ ಮೈಯೂ ವಾಲಿತು. ಬಾಣ ಮಾತ್ರ ಅಲ್ಲಾಡಲಿಲ್ಲ.

"ಶ್ರೀಕರ್, ಏನ್ರೀ ಇದು? ದೋಣಿ ತಿರುಗಿದ್ರೂ ನಿಮ್ ಬಾಣ ತಿರುಗ್ತಿಲ್ಲ! ಇದನ್ನ ನಂಬ್ಕೊಂಡು ಕರ್ಕೊಂಡ್ ಬಂದ್ರಾ?"

ಅವಳು ಶ್ರೀಕರನಿಗೆ ದನಿಯೇರಿಸಿದ್ದು ಅದೇ ಮೊದಲು. ನರೇಶನ ಒಳಗೆ, ನಿಜ ಹೇಳಬೇಕೆಂದರೆ, ಯಾರೋ ತಮಟೆ ಬಾರಿಸಿ ಕುಣಿದರು.

ಶ್ರೀಕರ್ ದಿಕ್ಸೂಚಿಯನ್ನು ಬೆರಳಿನಿಂದ ತಟ್ಟಿದ. "ಹತ್ರದಲ್ಲಿ ಕಬ್ಬಿಣ ಇದ್ರೆ ಹಿಂಗಾಗತ್ತೆ. ದಿಕ್ಸೂಚಿ ಅದಕ್ಕೇ ಅಂಟ್ಕೊಂಡ್ ನಿಲ್ಲತ್ತೆ. ಯಾರ ಹತ್ರಾನಾದ್ರೂ ಕಬ್ಬಿಣ ಇದೆಯಾ? ಚಾಕು? ಸ್ಪ್ಯಾನರ್?"

ತಮಟೆ ನಿಂತಿತು.

ನರೇಶ ಜೇಬಿನ ಸ್ಪ್ಯಾನರ್ ತೆಗೆದು ಹಿಂಭಾಗಕ್ಕೆ ಎಸೆದ. ಬಾಣ ಅಲ್ಲಾಡಲಿಲ್ಲ. ಅಲ್ಲಾಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೇಳಿದರೆ ಪ್ರಿಯಾಂಕಾ ಯಾಕೆ ಹೊಡೆದೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳುವುದು? ಹೇಳದಿದ್ದರೆ...

ಕೋಡಿ ಗುಡುಗಿತು. ಪ್ರಿಯಾಂಕಾ ಎರಡೂ ಕೈಯಲ್ಲಿ ಚುಕ್ಕಾಣಿಗೆ ಜೋತುಬಿದ್ದಳು.

"ಹಲಗೆ ಅಡಿ ಲಾಳ ಇದೆ!" ಎಂದು ನರೇಶ ಕಿರುಚಿದ. "ನಾನೇ ಹೊಡೆದೆ!"

ಹೊಟ್ಟೆಯ ಮೇಲೆ ಬಿದ್ದ. ಹಲಗೆಯಡಿಗೆ ಕೈ ತೂರಿಸಿದ. ಎಳೆದ. ಬರಲಿಲ್ಲ. ಉಗುರು ಕಿತ್ತುಬಂತು. ಮತ್ತೆ ಎಳೆದ. ಮೊಳೆ ಸಮೇತ ಲಾಳ ಕೈಗೆ ಬಂತು. ಅದನ್ನು ದೋಣಿಯ ತುದಿಗೆ ತಳ್ಳಿದ.

ಬಾಣ ನಿದ್ದೆಯಿಂದ ಎಚ್ಚತ್ತವರಂತೆ ಬೆಚ್ಚಿ ಗರ್ರನೆ ತಿರುಗಿತು. ನಿಂತಾಗ ಅದರ ಮೂತಿ ಆಗ್ನೇಯಕ್ಕಿತ್ತು. ಕೋಡಿಯ ಬಾಯಿ ಅಲ್ಲೇ ಎದುರಿಗೆ.

"ಎಡಕ್ಕೆ! ಇನ್ನೂ ಎಡಕ್ಕೆ!" ಎಂದ ಶ್ರೀಕರ್. "ಪೂರ್ವ! ಹಾಯಿ ಎಳ್ಕೊಳಿ!"

ಹಾಯಿ ಎಳೆದೊಡನೆ ಗಾಳಿ ಪಕ್ಕೆಗೆ ಒದೆಯಿತು. ಬೆಳ್ಳಕ್ಕಿ ವಾಲಿತು. ನೀರು ಒಳಗೆ ನುಗ್ಗಿತು.

"ಇಬ್ರೂ ಎಡಗಡೆ! ಆಚೆ ಬಗ್ಗಿ!"

ಮೈಯ ಭಾರದಿಂದಲೇ ದೋಣಿಯನ್ನು ನೆಟ್ಟಗೆ ಹಿಡಿಯಬೇಕು. ನರೇಶ ಅಂಚಿನ ಮೇಲೆ ಕೂತು ಬೆನ್ನನ್ನು ನೀರಿನ ಮೇಲಕ್ಕೆ ಚಾಚಿದ. ಕಾಲು ಜಾರಿತು. ಬಿದ್ದೆ ಎಂದುಕೊಂಡ. ಶ್ರೀಕರ್ ಅವನ ಬೆಲ್ಟಿಗೆ ಕೈಹಾಕಿ ಹಿಡಿದ.

"ಬಿಡ್ಬೇಡಿ ಸಾರ್!"

"ಬಿಡಲ್ಲ. ನೀವು ನನ್ ಕಾಲು ಬಿಡ್ಬೇಡಿ!"

ಒಬ್ಬರನ್ನೊಬ್ಬರು ಹೊಸ ಮದುಮಕ್ಕಳಿಗಿಂತ ಬಿಗಿಯಾಗಿ ಹಿಡಿದುಕೊಂಡು ಇಬ್ಬರೂ ನೀರಿನ ಮೇಲೆ ನೇತಾಡಿದರು. ಬಲಗಡೆ, ಒಂದು ಕಲ್ಲೆಸೆತದ ದೂರದಲ್ಲಿ, ಕೆರೆಯೇ ಮಡಚಿಕೊಂಡು ಕೆಳಗೆ ಬೀಳುತ್ತಿತ್ತು. ಒಂದು ದೊಡ್ಡ ಕಳೆಯ ಚಾಪೆ ಆ ಅಂಚಿಗೆ ಹೋಗಿ, ನಿಂತು, ಮಾಯವಾಯಿತು. ಬೆಳ್ಳಕ್ಕಿ ಒಂದು ಮಾರು ಮುಂದೆ ಹೋದರೆ ಅರ್ಧ ಮಾರು ಪಕ್ಕಕ್ಕೆ ಜಾರುತ್ತಿತ್ತು. ಪಂಪು ಕಿರುಚುತ್ತಿತ್ತು. ನರೇಶ ಹುಟ್ಟಿದ ಮೇಲೆ ಮೊದಲ ಸಲ ಬೇರೆಯವರ ಬ್ಯಾಟರಿಗೆ ಹರಕೆ ಹೊತ್ತ.

ನಿಧಾನಕ್ಕೆ ಸದ್ದು ಹಿಂದಾಯಿತು. ರೈಲಾಯಿತು. ಲಾರಿಯಾಯಿತು.

"ಲಾಳನಾ?" ಎಂದ ಶ್ರೀಕರ್ ಏದುಸಿರು ಬಿಡುತ್ತ. "ಸದ್ಯ! ನನ್ ಮಿಷನ್ನೇ ಕೆಟ್ಟೋಯ್ತು ಅಂದ್ಕೊಂಡಿದ್ದೆ."

ಬೈದಿದ್ದರೂ ಚೆನ್ನಾಗಿತ್ತು. ಅವನ ಆ ತಾಳ್ಮೆಯ ಮೇಲೂ ನರೇಶನಿಗೆ ಹೊಟ್ಟೆಕಿಚ್ಚಾಯಿತು. ಪ್ರಿಯಾಂಕಾ ಏನೂ ಕೇಳಲಿಲ್ಲ. ಗಂಡನ ರಕ್ತ ಸೋರುವ ಬೆರಳನ್ನು ನೋಡಿದಳು, ಲಾಳವನ್ನು ನೋಡಿದಳು, ಶ್ರೀಕರನ ಆಸನವನ್ನು ನೋಡಿದಳು. ಆಮೇಲೆ ಮುಂದೆ ನೋಡಿದಳು. ಆ ನೋಟ ಕೋಡಿಗಿಂತ ಹೆಚ್ಚು ಹೆದರಿಸಿತು.

ಚುಕ್ಕೆ ನಡುಗಡ್ಡೆಯನ್ನು ಮುಟ್ಟಿದಾಗ ಮಳೆಯೊಳಗಿಂದ ಜಾಲಿಮರದ ನೆತ್ತಿ ಮೂಡಿತು. ನಡುಗಡ್ಡೆ ಎಂಬುದೇ ಉಳಿದಿರಲಿಲ್ಲ. ಮರ, ಮರದ ಮೇಲೆ ಗೋಣಿಚೀಲ ಹೊದ್ದ ಕೊಟ್ರಪ್ಪ, ಅವನ ಕೊರಳಿಗೆ ನೇತುಹಾಕಿದ ಮೀನಿನ ಬುಟ್ಟಿ.

"ಇಷ್ಟೊತ್ಗೆ ಬಂದ್ರಾ? ಮೀನೆಲ್ಲಾ ಹಳಸ್ತು!" ಎಂದು ಅವನು ಅಲ್ಲಿಂದಲೇ ರೇಗಿದ.

ಮರದ ಸುತ್ತ ಮುಳ್ಳುಕೊಂಬೆಗಳು. ಹತ್ತಿರ ಹೋದರೆ ಹಾಯಿ ಹರಿಯುತ್ತದೆ. ಶ್ರೀಕರ್ ಹಗ್ಗ ಎಸೆದ. ನೆನೆದ ಹಗ್ಗವನ್ನು ಗಾಳಿ ಮಡಚಿ ಅವನ ಮುಖಕ್ಕೇ ಹೊಡೆಯಿತು. ಇನ್ನೊಮ್ಮೆ ಎಸೆದ. ಮತ್ತೆ ಅದೇ.

"ತುದಿಗೆ ಭಾರ ಬೇಕು," ಎಂದಳು ಪ್ರಿಯಾಂಕಾ. ಬಹಳ ಹೊತ್ತಿನ ಮೇಲೆ ಅವಳು ಗಂಡನ ಕಡೆ ತಿರುಗಿದಳು. "ನಿಮ್ಮ ಲಾಳ ಕೊಡ್ರೀ."

"ನಾನೇ ಎಸೀತೀನಿ."

ನರೇಶ ಲಾಳಕ್ಕೆ ಹಗ್ಗ ಬಿಗಿದ. ಎದ್ದು ನಿಂತ. ಈ ಸಲ ಕೇಳದೆಯೇ ಶ್ರೀಕರ್ ಬೆಲ್ಟು ಹಿಡಿದ. ನರೇಶ ತಲೆಯ ಮೇಲೆ ಸುತ್ತಿ ಸುತ್ತಿ ಬೀಸಿದ. ಲಾಳ ಜಟಕಾ ಕುದುರೆಯ ನೆನಪಾದಂತೆ ಗಾಳಿಯಲ್ಲಿ ನಾಗಾಲೋಟ ಓಡಿ, ಕೊಟ್ರಪ್ಪನ ಕಿವಿ ಸವರಿ, ಕೊಂಬೆಗೆ ಗಿರಗಿರನೆ ಸುತ್ತಿಕೊಂಡು ಕಚ್ಚಿ ನಿಂತಿತು.

"ಕಾಪಾಡಕ್ ಬಂದ್ರೋ ಕೊಲ್ಲಕ್ ಬಂದ್ರೋ!" ಎನ್ನುತ್ತ ಕೊಟ್ರಪ್ಪ ಹಗ್ಗ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದ. ಮೂವರೂ ಸೇರಿ ಎಳೆದರು. ಬುಟ್ಟಿ ಸಮೇತ ಅವನು ದೋಣಿಯೊಳಗೆ ಉರುಳಿದ.

ಬೆಳ್ಳಕ್ಕಿ ಕುಸಿಯಿತು. ನೀರಿಗೂ ಅಂಚಿಗೂ ನಡುವೆ ಉಳಿದದ್ದು ಒಂದು ಅಂಗೈಯಗಲ. ನರೇಶ ಅದನ್ನು ನೋಡಿ, ದಡದಲ್ಲಿ ಬಿಟ್ಟು ಬಂದ ಬ್ಯಾಟರಿಯನ್ನು ನೆನೆದ.

"ನೀಲಿ ಡಬ್ಬಿ ಚೆನ್ನಾಗಿದೆ ಸಾರ್," ಎಂದ, ಹಲ್ಲು ಕೀಳಿಸಿಕೊಳ್ಳುವವನ ದನಿಯಲ್ಲಿ. "ಅಂಗಡೀಲೂ ಇಡ್ಬೇಕು."

"ಲಾಳ ದೂರ ಇಟ್ಟಿದೀರಾ ತಾನೇ?" ಎಂದ ಶ್ರೀಕರ್.

"ಕೊಟ್ರಪ್ಪನ ತೊಡೆ ಕೆಳಗಿದೆ."

ವಾಪಸು ದಾರಿಯಲ್ಲಿ ಬಾಣ ಪಶ್ಚಿಮಕ್ಕೆ ನೆಟ್ಟಗೆ ನಿಂತಿತ್ತು. ದೋಣಿ ಕದಲಿದರೆ ಅದೂ ಕದಲುತ್ತಿತ್ತು. ಹಗಲು ಮಬ್ಬಾಗುತ್ತಿದ್ದಂತೆ ಲೈಟು ಹಾಕಿದರು. ಮಳೆಯೊಳಗಿಂದ ಮೊದಲು ಏರಿ ಬಂತು, ಆಮೇಲೆ ಮೆಟ್ರೋ ಕಂಬಗಳು, ಆಮೇಲೆ ಅಪಾರ್ಟ್‌ಮೆಂಟುಗಳು, ಆಮೇಲೆ ಗಾಜಿನ ಕಟ್ಟಡಗಳು. ಏರಿಯ ಮೇಲೆ ಕೂಗು ಎದ್ದಿತು. ಸಾಹೇಬರೇ ಮೊಣಕಾಲುದ್ದ ನೀರಿಗಿಳಿದು ದೋಣಿಯ ಮೂತಿ ಹಿಡಿದರು.

ಮಾರಕ್ಕ ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ಬಂದಳು. ಹಗ್ಗದ ತುದಿಯ ಲಾಳ ಕಂಡು ಕೈಮುಗಿದಳು. "ನೋಡಿದ್ರಾ? ನಮ್ ಲಾಳಾನೇ ಕಾಪಾಡ್ತು. ಯಾವ ಪಾಪಿ ಕಣ್ಣು ಬಿದ್ದಿತ್ತೋ!"

ಶ್ರೀಕರ್ ವಯರು ಸುತ್ತುತ್ತಿದ್ದ. ಪ್ರಿಯಾಂಕಾ ಹಾಯಿ ಮಡಚುವುದು ನಿಲ್ಲಿಸಿ ಗಂಡನತ್ತ ನೋಡಿದಳು. ಲಾಳ ಯಾಕೆ ಹೊಡೆದೆ ಎಂದು ಕೆರೆಯ ನಡುವೆ ಕೇಳದೆ ಬಿಟ್ಟಿದ್ದ ಪ್ರಶ್ನೆ ಅವಳ ಕಣ್ಣಲ್ಲಿತ್ತು.

ನರೇಶ ತಲೆ ಕೆರೆದುಕೊಂಡ. "ನಂದೇ ಕಣಜ್ಜಿ."

"ಏನ್ಲಾ?"

"ಕಣ್ಣು. ನಂದೇ ಬಿದ್ದಿದ್ದು."

ಮಾರಕ್ಕ ಅವನನ್ನು ಕಾಲಿನಿಂದ ತಲೆಯವರೆಗೆ ಅಳೆದಳು. "ಅಂಗಾದ್ರೆ ನಿಂಗೇ ತೆಗೀಬೇಕು. ಕೂತ್ಕೋ!"

ಕೂರಲು ಒಣ ಜಾಗವೆಂದರೆ ಪ್ಲಾಸ್ಟಿಕ್ ಹೊದಿಸಿಟ್ಟಿದ್ದ ಆ ದೊಡ್ಡ ಬ್ಯಾಟರಿಯೊಂದೇ. ನರೇಶನನ್ನು ಅದರ ಮೇಲೆ ಕೂರಿಸಿದಳು. ಯಾರೋ ಉಪ್ಪು ಮೆಣಸಿನಕಾಯಿ ತಂದುಕೊಟ್ಟರು. ಇಡೀ ಏರಿ ನೋಡುತ್ತಿರುವಾಗ ಅವನ ಮುಖದ ಸುತ್ತ ಮುಷ್ಟಿ ತಿರುಗಿಸಿ, "ಉಗಿಯೋ, ತೂ ಅನ್ನು," ಎಂದಳು. ಅವನು ಉಗಿಯಲು ಹೋಗಿ ಮುಷ್ಟಿಯಲ್ಲಿ ಪುಡಿಯಾದ ಮೆಣಸಿನ ಘಾಟಿಗೆ ಆಕ್ಷೀ ಎಂದು ಸೀನಿದ. ಸೀನಿದ ರಭಸಕ್ಕೆ ಬ್ಯಾಟರಿಯಿಂದ ಜಾರಿ ಕೆಸರಿಗೆ ಕೂತ.

ಪ್ರಿಯಾಂಕಾ ತಲೆ ಹಿಂದಕ್ಕೆ ಹಾಕಿ ಗೊಳ್ಳೆಂದು ನಕ್ಕಳು. ನಗುತ್ತಲೇ ಬಂದು, ರಕ್ತ ಕಟ್ಟಿದ ಬೆರಳಿಗೆ ನೋವಾಗದಂತೆ ಅವನ ಕೈ ಹಿಡಿದು ಎಬ್ಬಿಸಿದಳು.

"ಶಭಾಷ್ ಕ್ಯಾಪ್ಟನ್," ಎಂದ ಶ್ರೀಕರ್ ದೋಣಿಯಿಂದ.

ನರೇಶನ ಒಳಗೆ ಒಂದು ಕಿಡಿ ಚುರುಕ್ ಎಂದಿತು. ಆದರೆ ಈ ಸಲದ ನಗು ಯಾರಿಗಾಗಿ ಬಂದದ್ದೆಂದು ಅವನಿಗೆ ಗೊತ್ತಿತ್ತು. ಕೆಸರು ಮೆತ್ತಿದ ಪ್ಯಾಂಟಿನಲ್ಲೇ ಸೆಟೆದು ನಿಂತು, ಅವನು ಇನ್ನೊಮ್ಮೆ ಸೀನಿದ.